ಜಿನೀವಾಕ್ಕೆ ಬರೆದ ಮನೆಮದ್ದು

ಹೋದ ತಿಂಗಳು ಹೊಸಪೇಟೆಗೆ ಹೋಗಿದ್ದೆ. ಚಿತ್ತವಾಡ್ಗಿಗೆ ಆಟೋ ಹುಡುಕುತ್ತಿದ್ದಾಗ ಮಳೆ ಹಿಡಿದುಕೊಂಡಿತು. ಕಣ್ಣಿಗೆ ಬಿದ್ದ ಮೊದಲ ಆಸರೆಯೆಂದರೆ ಒಂದು ಮಿರ್ಚಿ ಬಂಡಿ. ಅದರ ತಾಡಪತ್ರಿಯ ಕೆಳಗೆ ನುಗ್ಗಿ ನಿಂತೆ. ಎಣ್ಣೆಗೆ ಬಿದ್ದ ಕಡಲೆಹಿಟ್ಟಿನಿಂದ ಓಮದ ವಾಸನೆ ಘಮ್ಮೆಂದು ಎದ್ದಿತು. ನಾನು ಒಬ್ಬಳೇ ನಕ್ಕುಬಿಟ್ಟೆ. ಬಂಡಿಯವಳು, "ಯಾಕ್ರೀ ಅಮ್ಮಾ, ಏನಾತು?" ಎಂದಳು. ಏನೆಂದು ಹೇಳುವುದು? ನಲವತ್ತು ವರ್ಷಗಳ ಹಿಂದೆ ಇದೇ ಓಮವನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ಜಿನೀವಾಕ್ಕೆ ಅಂಚೆಯಲ್ಲಿ ಕಳಿಸಿದ್ದೆ ಎಂದರೆ, ಅವಳು ನನಗೇ ಬೇರೆ ಮದ್ದು ಹುಡುಕುತ್ತಿದ್ದಳು. ಎರಡು ಮಿರ್ಚಿ ಹೆಚ್ಚಿಗೆ ಕೊಂಡೆ.

ಆಗ ನನಗೆ ಇಪ್ಪತ್ತೊಂದು. ಎಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪ ದೋಣಿಮಲೈ ಗಣಿಯಲ್ಲಿದ್ದರು. ನಾನು ಚಿತ್ತವಾಡ್ಗಿಯ ದೊಡ್ಡಮ್ಮನ ಮನೆಯಲ್ಲಿದ್ದು, ಇಂಗ್ಲಿಷ್ ಟೈಪಿಂಗ್ ಸೀನಿಯರ್ ಪರೀಕ್ಷೆ ಪಾಸು ಮಾಡಿ, ಕೊಟ್ರಯ್ಯ ಎಂಬ ವಕೀಲರ ಆಫೀಸಿಗೆ ಸೇರಿದ್ದೆ. ಇಂಗ್ಲಿಷ್ ಟೈಪಿಂಗ್ ಬರುತ್ತಿತ್ತು ಎಂದೆ, ಇಂಗ್ಲಿಷ್ ಬರುತ್ತಿತ್ತು ಎನ್ನಲಿಲ್ಲ. ನಾನು ಹೇಳಹೊರಟಿದ್ದೆಲ್ಲ ಆ ಎರಡರ ನಡುವಿನ ಸಂದಿಯಲ್ಲೇ ನಡೆದದ್ದು.

ಸೇರಿದ್ದು ಕಾಲುವೆಗೆ ನೀರು ಬಿಟ್ಟ ವಾರ. ಆಗಿನ ಹೊಸಪೇಟೆಯಲ್ಲಿ ಜನ ತಿಂಗಳ ಹೆಸರು ಹೇಳುತ್ತಿದ್ದುದೇ ಕಡಿಮೆ. ಮದುವೆ, ಮನೆ ಪ್ರವೇಶ, ಜಗಳ, ಎಲ್ಲವೂ ನೀರು ಬಿಡುವ ಮುಂಚೆ ಇಲ್ಲವೇ ನೀರು ಬಿಟ್ಟ ಮೇಲೆ. ಕಂಪ್ಲಿಯ ಕಡೆಗೆ ಬಸ್ಸಿನಲ್ಲಿ ಹೋದರೆ ಕಣ್ಣು ಹಾಯುವವರೆಗೆ ನಾಟಿ, ರೈಸ್‌ಮಿಲ್ಲಿನ ಹೊಗೆ, ಹೊಸ ಮೋಟಾರ್ ಸೈಕಲ್ಲುಗಳು. ವಕೀಲರ ಬೀರುವಿನ ತುಂಬವೂ ಕಾಲುವೆಯೇ: ಕಾಲುವೆಗೆ ಹೋದ ಹೊಲ, ಕಾಲುವೆ ದಂಡೆಯ ಹೊಡೆದಾಟ, ನೀರಿನ ಸರದಿಯ ತಕರಾರು. "ಈ ಡ್ಯಾಮ್ ಕಟ್ಟದಿದ್ರ ನಾನು ಕರೀಕೋಟು ಬಿಚ್ಚಿಟ್ಟು ಎಮ್ಮಿ ಕಾಯಬೇಕಿತ್ತು ನೋಡವ್ವ ಗಿರಿಜಾ" ಎಂದು ಕೊಟ್ರಯ್ಯನವರು ನಗುತ್ತಿದ್ದರು. ಅವರು ಕೆಟ್ಟವರಲ್ಲ. ಕೆಲಸವನ್ನು ಮುಂದಕ್ಕೆ ಹಾಕುವುದರಲ್ಲಿ ಮಾತ್ರ ಅವರ ಕೈ ಪಳಗಿತ್ತು.

ಕೋರ್ಟಿನ ಗೇಟಿನ ಎದುರಿಗೆ, ನಮ್ಮ ಆಫೀಸಿನ ಪಕ್ಕದಲ್ಲೇ, ಹುಲಿಗೆವ್ವನ ಮಿರ್ಚಿ ಬಂಡಿ. ಗಾದಿಗನೂರಿನವಳು, ನಲವತ್ತೈದರ ಆಸುಪಾಸು, ಗಂಡ ಇಲ್ಲ, ಮಕ್ಕಳಿಲ್ಲ. ಮೊದಲ ದಿನವೇ ನನ್ನನ್ನು ಕರೆದು, ಮಿರ್ಚಿ ಕಟ್ಟಲೆಂದು ಕೊಂಡಿದ್ದ, ಕೋರ್ಟಿನಿಂದ ರದ್ದಿಗೆ ಬಂದ ಒಂದು ಕಟ್ಟು ಕಾಗದ ಕೈಗಿಟ್ಟಳು. "ಯವ್ವಾ, ಇದರಾಗ ಎಲ್ಲಾದ್ರೂ ಹನುಮಂತ ಅಂತ ಹೆಸರು ಐತೇನು ನೋಡಿ ಕೊಡು. ಆಮ್ಯಾಲೆ ಮಿರ್ಚಿ ಕಟ್ಟತೀನಿ" ಎಂದಳು. ನನಗೆ ತಮಾಷೆ ಎನಿಸಿತು. ಹದಿನೈದು ದಿನ ದಿನಾ ನೋಡಿಕೊಟ್ಟ ಮೇಲೆ ಕೇಳಿದೆ, ಯಾರು ಈ ಹನುಮಂತ?

ಹನುಮಂತ ಅವಳ ತಮ್ಮ. ಕಂಪ್ಲಿ ದಾರಿಯಲ್ಲಿ ಕಾಲುವೆಯ ಒಂದು ತೂಬಿಗೆ ಕಾವಲುಗಾರ. ಹೊಲಗಳಿಗೆ ನೀರು ಬಿಡುವ ಆ ತೂಬಿನ ಕೀಲಿಕೈ ಅವನ ಸೊಂಟದಲ್ಲಿರುತ್ತಿತ್ತು. ಒಂದು ಬೇಸಿಗೆಯಲ್ಲಿ ಮೇಲಿನ ಹೊಲದವರಿಗೂ ಕೆಳಗಿನ ಹೊಲದವರಿಗೂ ಹೊಡೆದಾಟವಾಗಿ ಯಾರೋ ತೂಬಿನ ಬೀಗ ಒಡೆದರು. ಒಡೆದವರು ಓಡಿಹೋದರು, ಕೀಲಿಕೈ ಇದ್ದವನು ಸಿಕ್ಕಿಬಿದ್ದ. ಕೊಟ್ರಯ್ಯನವರು ಜಾಮೀನಿನ ಅರ್ಜಿ ಹಾಕಿದರು. ಅಷ್ಟರಲ್ಲಿ ಹನುಮಂತನಿಗೆ ಜೈಲಿನಲ್ಲಿ ತಲೆಗೇರುವಂಥ ಜ್ವರ ಬಂದು ಆಸ್ಪತ್ರೆಗೆ ಹಾಕಿದರು. ಅವನು ಆಸ್ಪತ್ರೆಯಿಂದ ಜೈಲಿಗೆ ಮರಳುವ ಹೊತ್ತಿಗೆ ಅವನ ಮೊಕದ್ದಮೆಯನ್ನು ಬೇರೆ ಕೋರ್ಟಿಗೆ ವರ್ಗ ಮಾಡಿದ್ದರು. ದಾರಿಯಲ್ಲಿ ಫೈಲು ಮಾಯ. ಹೊಸ ಕೋರ್ಟಿನವರು, ಇಂಥ ಕೇಸು ನಮ್ಮಲ್ಲಿ ಇಲ್ಲ ಎಂದರು. ಜೈಲಿನವರು, ಕೋರ್ಟಿನ ಹುಕುಂ ಇಲ್ಲದೆ ಬಿಡುವ ಹಾಗಿಲ್ಲ ಎಂದರು. ಇಬ್ಬರೂ ಹೇಳುತ್ತಿದ್ದುದು ನಿಜವೇ. ಹೀಗೆ ಮೂರು ವರ್ಷ ಕಳೆದಿತ್ತು. ಯಾವ ಕೋರ್ಟಿನಿಂದ ಯಾವ ಕೋರ್ಟಿಗೆ, ಯಾವ ಜೈಲು ಎಂದು ನಾನು ಹೇಳುವುದಿಲ್ಲ. ಅಲ್ಲಿದ್ದವರ ಮಕ್ಕಳು ಮೊಮ್ಮಕ್ಕಳು ಈಗಲೂ ನನಗೆ ನಮಸ್ಕಾರ ಹೇಳುತ್ತಾರೆ.

"ಬಸ್‌ಸ್ಟ್ಯಾಂಡಿನಾಗ ಇನ್ನೂ ಚಲೋ ವ್ಯಾಪಾರ ಆಗತಿತ್ತು" ಎಂದಳು ಹುಲಿಗೆವ್ವ. "ಆದ್ರ ಫೈಲು ಎಂದಾರ ಈ ಗೇಟಿನಾಗಿಂದ ಹೊರಗ ಬಂದ್ರ ನೋಡಾಕ ಒಬ್ಬರಾರ ಇರಬೇಕಲ್ಲ." ಓದು ಬಾರದ ಅವಳು ಫೈಲನ್ನು ಹೇಗೆ ಗುರುತು ಹಿಡಿಯುತ್ತಾಳೆಂದು ಕೇಳುವ ಧೈರ್ಯವಾಗಲಿಲ್ಲ.

ಶ್ರಾವಣದಲ್ಲಿ ಎಲ್ಸಾ ಬಂದಳು. ಹಂಪಿಯಲ್ಲಿ ರೂಮು ಹಿಡಿದಿದ್ದ ಬಿಳಿ ಹೆಂಗಸು. ಹರಿಗೋಲಿನಲ್ಲಿ ಹೊಳೆ ದಾಟುವಾಗ ಪಾಸ್‌ಪೋರ್ಟನ್ನು ತುಂಗಭದ್ರೆಗೆ ಅರ್ಪಿಸಿ, ಅಫಿಡವಿಟ್ ಮಾಡಿಸಲು ನಮ್ಮಲ್ಲಿಗೆ ಬಂದಿದ್ದಳು. ಟೈಪು ಮುಗಿಯುವವರೆಗೆ ಹುಲಿಗೆವ್ವನ ಬಂಡಿಯ ಹತ್ತಿರ ನಿಂತು, ಮಿರ್ಚಿಯ ಖಾರಕ್ಕೆ ಕಣ್ಣೀರು ಸುರಿಸುತ್ತಿದ್ದಳು. ನಾನು ಅಫಿಡವಿಟ್ ಹಿಡಿದು ಹೊರಬಂದಾಗ, ಈಕೆ ಪ್ರತಿ ಕಾಗದವನ್ನೂ ಯಾಕೆ ಹೀಗೆ ತಿರುಗಿಸಿ ತಿರುಗಿಸಿ ನೋಡುತ್ತಾಳೆ ಎಂದು ಕೇಳಿದಳು. ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಸಾ ತನ್ನ ದೇಶದಲ್ಲಿ ಕಾನೂನು ಓದಿದವಳಂತೆ. ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟಳು. ಜಿನೀವಾ ಎಂಬ ಊರಿನಲ್ಲಿ ಇಡೀ ಲೋಕಕ್ಕೆ ಸೇರಿದ ಒಂದು ಆಫೀಸು ಇದೆ, ಸರ್ಕಾರದಿಂದ ಅನ್ಯಾಯವಾದವರು ಅಲ್ಲಿಗೆ ಬರೆಯಬಹುದು ಎಂದಳು.

"ಅಂದ್ರ ಸರ್ಕಾರದ ಮ್ಯಾಲೆ ಫಿರ್ಯಾದಿ ಕೊಡಾಕ ಬರತೈತೇನು? ಸರ್ಕಾರಕ್ಕೂ ಒಬ್ಬ ಗೌಡ ಅದಾನೇನು?" ಎಂದು ಹುಲಿಗೆವ್ವ ಬಾಯಿ ಬಿಟ್ಟಳು. ಆ ಪ್ರಶ್ನೆ ನನ್ನನ್ನೂ ಹಿಡಿದುಕೊಂಡಿತು. ಆ ಆಫೀಸಿನಲ್ಲಿ ಯಾರಿರುತ್ತಾರೆ? ಎಲ್ಲ ದೇಶದ ಜಗಳವೂ ಒಂದೇ ಕೋಣೆಗೆ ಬರುತ್ತದೆಯೆ? ಅಲ್ಲೂ ಟೈಪ್‌ರೈಟರಿನ ಮುಂದೆ ನನ್ನಂಥವಳೊಬ್ಬಳು ಇರುತ್ತಾಳೆಯೆ? ವಕೀಲರು ಊಟಕ್ಕೆ ಹೋದ ಹೊತ್ತಿನಲ್ಲಿ, ಅವರಿಗೆ ಹೇಳದೆ, ಒಂದು ಪುಟದ ಪತ್ರ ಹೊಡೆದೆ. ತೂಬು, ಬೀಗ, ಜೈಲು, ತಲೆಗೇರಿದ ಜ್ವರ, ಇಳಿದುಹೋದ ಮೈ, ಎಲ್ಲ ಬರೆದೆ. ಕೆಳಗೆ ಹುಲಿಗೆವ್ವನ ಹೆಬ್ಬೆಟ್ಟು ಒತ್ತಿಸಿದೆ. ಹೆಬ್ಬೆಟ್ಟಿಗೆ ಎಣ್ಣೆ ಅಂಟಿತ್ತು, ಅದೂ ಜಿನೀವಾಕ್ಕೆ ಹೋಯಿತು.

ಉತ್ತರ ಬರುತ್ತದೆಂದು ನಾನಂತೂ ನಂಬಿರಲಿಲ್ಲ. ಗಣೇಶನ ಹಬ್ಬ ಮುಗಿದ ಮೇಲೆ ಒಂದು ದಿನ ನೀಲಿ ಅಂಚಿನ ಲಕೋಟೆ ಬಂತು. ವಕೀಲರು ಗಣಿಯ ಕೇಸೊಂದಕ್ಕೆ ಸಂಡೂರಿಗೆ ಹೋಗಿದ್ದರು. ಒಳಗೆ ಅಚ್ಚು ಹಾಕಿದ ಒಂದೇ ಹಾಳೆ, ಸಾಲುಸಾಲು ನಿಯಮ, ಒಂದು ನಿಯಮದ ಎದುರಿಗೆ ಪೆನ್ನಿನಲ್ಲಿ ರೈಟ್ ಗುರುತು. ಹುಲಿಗೆವ್ವ ಬಂಡಿಯನ್ನು ಪಕ್ಕದವಳಿಗೆ ಒಪ್ಪಿಸಿ ಓಡಿಬಂದಳು. ನಾನು ನಿಘಂಟು ತೆರೆದೆ. ಗುರುತು ಹಾಕಿದ್ದ ಕಡೆ ಇದ್ದ ಮಾತು, "ಡೊಮೆಸ್ಟಿಕ್ ರೆಮೆಡೀಸ್" ಎಲ್ಲವೂ "ಎಕ್ಸಾಸ್ಟ್" ಆದ ಮೇಲಷ್ಟೇ ದೂರು ಸ್ವೀಕರಿಸಲಾಗುವುದು ಎಂದು. ಡೊಮೆಸ್ಟಿಕ್: ಮನೆಗೆ ಸಂಬಂಧಿಸಿದ. ರೆಮೆಡಿ: ಮದ್ದು, ಔಷಧ, ಪರಿಹಾರ. ಎಕ್ಸಾಸ್ಟ್: ಬರಿದಾಗು, ಮುಗಿದುಹೋಗು. ನಾನು ಎಲ್ಲದರಲ್ಲೂ ಮೊದಲನೆಯ ಅರ್ಥವನ್ನೇ ಹಿಡಿದೆ.

"ಮನೆಮದ್ದೆಲ್ಲ ಮಾಡಿ ಮುಗಿಸಿ ಆಮೇಲೆ ಬರ್ರಿ ಅಂತ ಬರೆದಾರ" ಎಂದೆ.

ಜ್ವರದ ವಿಷಯ ನಾನೇ ಬರೆದಿದ್ದೆನಲ್ಲ, ಅದಕ್ಕೇ ಕೇಳಿದ್ದಾರೆ ಎಂದುಕೊಂಡೆ. ಹುಲಿಗೆವ್ವನಿಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. "ಶಾಣ್ಯಾರು ಬಿಡು. ಮನ್ಯಾಗ ಏನೇನು ಕೊಟ್ಟೀರಿ ಅಂತ ಡಾಕ್ಟರೂ ಮೊದಲ ಕೇಳ್ತಾರಲ್ಲ. ಬರ್ಕೋ" ಎಂದು ನೆಲದ ಮೇಲೆ ಕುಂತಳು. ಓಮದ ಕಷಾಯ. ಸುಟ್ಟ ಬೆಳ್ಳುಳ್ಳಿ ಜೇನಿನಲ್ಲಿ. ಲಕ್ಕಿ ಸೊಪ್ಪಿನ ಹಬೆ. ಹಣೆಗೆ ಶುಂಠಿಯ ಗಂಧ. ಅಂಗಾಲಿಗೆ ಹರಳೆಣ್ಣೆ. ಹೀಗೆ ಹನ್ನೊಂದು. ಒಂದೊಂದರ ಎದುರಿಗೂ "ಕೊಟ್ಟಿದೆ", "ಕೊಟ್ಟಿಲ್ಲ" ಎಂದು ಟೈಪು ಮಾಡಬೇಕೆಂದು ನಾನೇ ಸೂಚಿಸಿದೆ. ವಕೀಲರ ಆಫೀಸಿನಲ್ಲಿ ಕಲಿತದ್ದು ಎಲ್ಲಾದರೂ ಉಪಯೋಗಕ್ಕೆ ಬರಬೇಕಲ್ಲ. ಹನ್ನೊಂದಕ್ಕೂ "ಕೊಟ್ಟಿಲ್ಲ" ಎಂದೇ ಆಯಿತು. ಯಾಕೆಂದರೆ ಅವಳು ಒಯ್ದ ಕಷಾಯದ ಬಾಟಲಿಯನ್ನು ಜೈಲಿನ ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದರು. ಓಮಕ್ಕೆ ಇಂಗ್ಲಿಷಿನಲ್ಲಿ "ಬಿಷಪ್ಸ್ ವೀಡ್" ಎಂದು ನಿಘಂಟು ಹೇಳಿತು. ಹಾಗೆಯೇ ಹೊಡೆದೆ. ಯಾವ ಬಿಷಪ್ಪನನ್ನು ಇದರಲ್ಲಿ ಎಳೆದು ತಂದಿದ್ದಾರೆಂದು ಜಿನೀವಾದವರು ತಲೆ ಕೆರೆದುಕೊಂಡಿರಬೇಕು.

ದೀಪಾವಳಿಗೆ ಮುಂಚೆ ಎರಡನೆಯ ಲಕೋಟೆ ಬಂತು. ಈ ಸಲ ವಕೀಲರು ಆಫೀಸಿನಲ್ಲೇ ಇದ್ದರು. ಒಡೆದರು. ಅದೇ ಹಾಳೆ, ಅದೇ ಜಾಗದಲ್ಲಿ ಅದೇ ಗುರುತು. "ಏನಿದು ಗಿರಿಜಾ?" ಎಂದರು. ಎರಡೂ ಪತ್ರಗಳ ಕಾರ್ಬನ್ ಪ್ರತಿ ತೆಗೆದುಕೊಟ್ಟೆ. ಬೈಗುಳಕ್ಕೆ ತಯಾರಾಗಿ ಗೋಡೆಗೆ ಆತು ನಿಂತೆ.

ಅವರು ಲಕ್ಕಿ ಸೊಪ್ಪಿನವರೆಗೆ ತಡೆದುಕೊಂಡರು. ಆಮೇಲೆ ನಗು ಶುರುವಾಯಿತು. ಮೇಜು ಗುದ್ದಿ, ಕೆಮ್ಮಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಗು ಕೇಳಿ ಹುಲಿಗೆವ್ವನೂ ಬಾಗಿಲಿಗೆ ಬಂದಳು.

"ಏ ಹುಲಿಗೆವ್ವ, ಮನಿ ಅಂದ್ರ ನಿನ್ನ ಮನಿ ಅಲ್ಲಬೇ. ಅವರಿಗೆ ಮನಿ ಅಂದ್ರ ನಮ್ಮ ದೇಶ. ಮದ್ದು ಅಂದ್ರ ಕೋರ್ಟು. ಮ್ಯಾಜಿಸ್ಟ್ರೇಟ್ ಹತ್ರ ಕೇಳಿ, ಜಿಲ್ಲಾ ಜಡ್ಜ್ ಹತ್ರ ಕೇಳಿ, ಬೆಂಗಳೂರಿನ ಹೈಕೋರ್ಟು, ಡೆಲ್ಲಿ ಸುಪ್ರೀಂ ಕೋರ್ಟು, ಎಲ್ಲಾ ಕಡೆ ಕೇಳಿ, ಎಲ್ಲರೂ ಇಲ್ಲ ಅಂದ ಮ್ಯಾಲೆ ನಮ್ಮ ಕಡೆ ಬರ್ರಿ ಅಂತಾರ ಅವರು."

ಹುಲಿಗೆವ್ವ ನಗಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. "ಹಂಗಾದ್ರ ಅಯ್ನೋರ, ಈ ಮದ್ದು ಕೊಡಬೇಕಾದವರು ನೀವಲ್ಲೇನ್ರಿ?" ಎಂದಳು. "ಒಂದು ಚಮಚ ಕೊಟ್ಟು ಬಾಟ್ಲಿ ಮುಚ್ಚಿ ಇಟ್ಟೀರಲ್ರಿ."

ಕೊಟ್ರಯ್ಯನವರ ಮುಖ ಇಳಿಯಿತು. ಕಾರ್ಬನ್ ಪ್ರತಿಯನ್ನು ಮತ್ತೆ ಕೈಗೆತ್ತಿಕೊಂಡರು. ಹನ್ನೊಂದು ಸಲ ಸಾಲಾಗಿ "ಕೊಟ್ಟಿಲ್ಲ" ಎಂದಿದ್ದ ಆ ಅಂಕಣದ ಮೇಲೆ ಅವರ ಬೆರಳು ಮೆಲ್ಲಗೆ ಕೆಳಗಿಳಿಯಿತು. ಅವತ್ತು ಮಧ್ಯಾಹ್ನ ಅವರು ಊಟಕ್ಕೆ ಹೋಗಲಿಲ್ಲ. "ಯಂತ್ರಕ್ಕ ಹಾಳಿ ಹಾಕವ್ವ" ಎಂದರು.

ಆಮೇಲಿನ ದಿನಗಳಷ್ಟು ಕುತೂಹಲದ ದಿನಗಳನ್ನು ನಾನು ಮತ್ತೆ ಕಾಣಲಿಲ್ಲ. ವಕೀಲರು ಗೆಲ್ಲಲು ಅರ್ಜಿ ಹಾಕುವುದನ್ನು ನೋಡಿದ್ದೆ. ನಾವೀಗ ಸೋಲು ಸಂಗ್ರಹಿಸಲು ಹೊರಟಿದ್ದೆವು. ಜಿನೀವಾಕ್ಕೆ ಬೇಕಾದದ್ದು ಒಂದೊಂದು ಮೆಟ್ಟಿಲಿನಿಂದಲೂ ಸಹಿ ಸಿಕ್ಕಾ ಇರುವ "ಇಲ್ಲ". ಆಗ ನನಗೊಂದು ಸಂಗತಿ ತಿಳಿಯಿತು: ನಮ್ಮ ಕಚೇರಿಗಳಲ್ಲಿ "ಇಲ್ಲ" ಸಿಗುವುದೇ ಇಲ್ಲ. ಸಿಗುವುದು "ನಾಳೆ ಬರ್ರಿ". ನಾಳೆಯನ್ನು ಬರಿದು ಮಾಡುವುದು ಹೇಗೆ? ಕೇಳಿದ್ದಕ್ಕೆ ವಕೀಲರು ಆ ಅಚ್ಚಿನ ಹಾಳೆಯ ಇನ್ನೊಂದು ಸಾಲು ತೋರಿಸಿದರು. ಮದ್ದು ನಾಟದಿದ್ದರೆ, ಇಲ್ಲವೇ ವಿನಾಕಾರಣ ಎಳೆದಾಡಿದರೆ, ಮುಗಿಯುವವರೆಗೆ ಕಾಯಬೇಕಿಲ್ಲವಂತೆ. "ಎಷ್ಟು ಎಳೆದರೆ ಎಳೆದಾಡಿದ ಹಾಗೆ?" ಎಂದು ಕೇಳಿದೆ. "ಅದನ್ನ ಅವರು ಬರೆದಿಲ್ಲ, ಅವರೂ ವಕೀಲರೇ" ಎಂದರು.

ಹುಲಿಗೆವ್ವ ಹೋದ ಕಚೇರಿಯಲ್ಲೆಲ್ಲ ಒಂದೇ ಮಾತು ಹಿಡಿದಳು: "ಇಲ್ಲ ಅಂತ ಬರದು ಸಹಿ ಮಾಡಿ ಕೊಡ್ರಿ, ಜಿನೀವಾಕ್ಕ ಕಳಸಬೇಕು." ಜಿನೀವಾ ಎಲ್ಲಿದೆ ಎಂದು ಅಲ್ಲಿ ಬಹಳ ಮಂದಿಗೆ ಗೊತ್ತಿರಲಿಲ್ಲ. ಡೆಲ್ಲಿಗಿಂತ ಮೇಲಿನ ಯಾವುದೋ ಆಫೀಸು ಎಂದುಕೊಂಡು ಎದ್ದು ನಿಲ್ಲುತ್ತಿದ್ದರು. ಕೋರ್ಟಿನ ದಾಖಲೆ ಕೋಣೆಯ ಗುಮಾಸ್ತರೊಬ್ಬರು ಮಾತ್ರ ಬೆವತುಹೋದರು. ಅವತ್ತು ನಾನೂ ಜೊತೆಗಿದ್ದೆ.

"ಫೈಲು ಇಲ್ಲಂತ ನಾನು ಹೆಂಗ ಬರೀಲವ್ವ? ನಾಳೆ ಸಿಕ್ಕರ ನನ್ನ ನೌಕರಿ ಹೋಗತೈತಿ."

"ಹಂಗಾದ್ರ ಐತಿ ಅಂತ ಬರೀರಿ."

"ಐತಿ ಅಂದ್ರ ತೋರಸು ಅಂತಾರ."

"ಐತಿ ಅನ್ನಂಗಿಲ್ಲ, ಇಲ್ಲ ಅನ್ನಂಗಿಲ್ಲ. ನಾನೇನು ದೇವರು ಐತೋ ಇಲ್ಲೋ ಅಂತ ಕೇಳೀನೇನ್ರಿ? ನನ್ನ ತಮ್ಮನ ಫೈಲು ಕೇಳೀನಿ."

ಕೊಟ್ರಯ್ಯನವರು ಈ ಸಂಗತಿಯನ್ನೇ ಹಿಡಿದು ಜಿಲ್ಲಾ ಜಡ್ಜರ ಮುಂದೆ ಅರ್ಜಿ ಹಾಕಿದರು. ಫೈಲು ಕೊಡಿಸಿ ಎಂದಲ್ಲ, ಫೈಲು ಇಲ್ಲವೆಂದು ಬರೆದುಕೊಡಲು ಆಜ್ಞೆ ಮಾಡಿ ಎಂದು. ಅಂಥ ಅರ್ಜಿಯನ್ನು ಜಡ್ಜರು ಹಿಂದೆಂದೂ ಕಂಡಿರಲಿಲ್ಲವಂತೆ. ಎರಡು ಸಲ ಓದಿ ಹುಕುಂ ಮಾಡಿದರು: ಹತ್ತು ದಿನದೊಳಗೆ ಫೈಲನ್ನಾದರೂ ತರಬೇಕು, ಇಲ್ಲವೆಂದು ಸಹಿಯನ್ನಾದರೂ ಹಾಕಬೇಕು.

ಸಹಿಯ ಭಯ ಮೂರು ವರ್ಷದ ಧೂಳು ಝಾಡಿಸಿತು. ಗುಮಾಸ್ತರು ಕೋಣೆಯ ಒಂದೊಂದು ಕಟ್ಟನ್ನೂ ಬಿಚ್ಚಿದರು. ಒಂಬತ್ತನೆಯ ದಿನ ಫೈಲು ಸಿಕ್ಕಿತು. ಕ್ರಿಮಿನಲ್ ಕಟ್ಟಿನಲ್ಲಲ್ಲ, ಕಾಲುವೆಗೆ ಹೋದ ಜಮೀನಿನ ಸಿವಿಲ್ ದಾವೆಗಳ ಕಟ್ಟಿನಲ್ಲಿ. ಮೇಲಿನ ಹಾಳೆಯಲ್ಲಿ ತೂಬಿನ ನಂಬರು ದಪ್ಪಗೆ ಬರೆದಿತ್ತು. ಕೆಳಗೆ ಒಬ್ಬ ಮನುಷ್ಯನ ಹೆಸರಿರುವುದನ್ನು ಯಾರೂ ನೋಡಿರಲಿಲ್ಲ. ತೂಬು ಎಂದ ಮೇಲೆ ಕಾಲುವೆ, ಕಾಲುವೆ ಎಂದ ಮೇಲೆ ಜಮೀನು. ಆ ಕಾಲದ ನಮ್ಮೂರಲ್ಲಿ ಬೇರೆ ಯಾವ ಯೋಚನೆ ಬರುತ್ತಿತ್ತು? ನಾನಿದ್ದರೂ ಅಲ್ಲೇ ಇಡುತ್ತಿದ್ದೆನೇನೋ.

ನಿಜ ಹೇಳಿಬಿಡುತ್ತೇನೆ, ಫೈಲು ಸಿಕ್ಕಿತೆಂದು ಕೇಳಿದಾಗ ಮೊದಲು ನನಗಾದದ್ದು ನಿರಾಸೆ. ಇನ್ನು ಹೈಕೋರ್ಟಿಲ್ಲ, ಸುಪ್ರೀಂ ಕೋರ್ಟಿಲ್ಲ, ಜಿನೀವಾ ಇಲ್ಲ. ಇಡೀ ಲೋಕದ ಆಫೀಸು ಒಂದು ತೂಬಿನ ಬಗ್ಗೆ ಏನು ಹೇಳುತ್ತದೆಂದು ತಿಳಿಯುವ ಆಸೆ ಅಲ್ಲಿಗೆ ಮುಗಿಯಿತು. ಒಬ್ಬ ಮನುಷ್ಯ ಜೈಲಿನಲ್ಲಿರುವಾಗ ಹಾಗೆನಿಸಿತಲ್ಲ ಎಂದು ಇವತ್ತಿಗೂ ನಾಚಿಕೆಯಾಗುತ್ತದೆ. ಹುಲಿಗೆವ್ವ ಮಾತ್ರ ಸುದ್ದಿ ಕೇಳಿದವಳೇ ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಿ, ಅದರ ಪಕ್ಕದಲ್ಲೇ ಕುಸಿದು ಕುಂತು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಜಾಮೀನಿಗೆ ಕೊಟ್ರಯ್ಯನವರು ತಮ್ಮ ಕಂಪ್ಲಿಯ ಗದ್ದೆಯನ್ನೇ ತೋರಿಸಿದರು. ಕೊಯ್ಲಿನ ದಿನಗಳು. ರಸ್ತೆಯ ಅರ್ಧದವರೆಗೆ ಭತ್ತ ಹರಡಿದ್ದರು. ಹನುಮಂತ ಬಸ್ಸಿನಿಂದ ಇಳಿದು ಅಕ್ಕನ ಹಿಂದೆ ನಡೆದುಬಂದ. ನಾನು ಎತ್ತರದ ಆಳನ್ನು ಕಲ್ಪಿಸಿಕೊಂಡಿದ್ದೆ. ಬಂದವನು ಸಣಕಲು, ತಲೆ ತಗ್ಗಿಸಿದವನು. ಹುಲಿಗೆವ್ವ ಅವನನ್ನು ಬಂಡಿಯ ಪಕ್ಕ ಡಬ್ಬದ ಮೇಲೆ ಕೂಡಿಸಿ ಬಿಸಿ ಮಿರ್ಚಿ ಕೊಟ್ಟಳು. ತಿನ್ನಲೇ ಎಂಬಂತೆ ಅವಳ ಮುಖ ನೋಡಿದ. ಅವಳು ತಲೆಯಾಡಿಸಿದ ಮೇಲೆ ತಿಂದ.

ಒಂದು ವಾರದ ನಂತರ ವಕೀಲರು ಹೇಳಿದರು, "ಆ ಜಿನೀವಾದವರಿಗೆ ಒಂದು ಸಾಲು ಬರೆದುಬಿಡವ್ವ, ಪಾಪ, ಎರಡು ಸಲ ಉತ್ತರ ಕೊಟ್ಟಾರ." ನಾನು ಉತ್ಸಾಹದಿಂದ ಬರೆದೆ. ನನ್ನ ತಪ್ಪನ್ನೇ ತಮಾಷೆ ಮಾಡಿ, ಮನೆಮದ್ದಿನಿಂದಲೇ ಹನುಮಂತ ಪೂರ್ತಿ ಗುಣವಾಗಿದ್ದಾನೆ, ತಮ್ಮನ್ನು ತೊಂದರೆಪಡಿಸುವ ಅಗತ್ಯ ಬೀಳಲಿಲ್ಲ ಎಂದು. ಅವರಿಗೂ ನಗು ಬರಲಿ ಎಂಬ ಆಸೆ. ಹೆಬ್ಬೆಟ್ಟಿಗಾಗಿ ಬಂಡಿಯ ಹತ್ತಿರ ಹೋಗಿ ಹುಲಿಗೆವ್ವನಿಗೆ ಕನ್ನಡದಲ್ಲಿ ಓದಿ ಹೇಳಿದೆ.

ಆಗಲೇ ಕೋರ್ಟಿನ ಸಂಜೆಯ ಗಂಟೆ ಹೊಡೆಯಿತು. ಡಬ್ಬದ ಮೇಲೆ ಕುಂತಿದ್ದ ಹನುಮಂತ ಥಟ್ಟನೆ ಎದ್ದ. ಗೋಡೆಯ ಕಡೆ ಹೋಗಿ, ಕುಕ್ಕರುಗಾಲಿನಲ್ಲಿ ಕುಂತು, ಎರಡೂ ಕೈ ಮೊಣಕಾಲಿನ ಮೇಲಿಟ್ಟು, ತಲೆ ತಗ್ಗಿಸಿದ. ಜೈಲಿನಲ್ಲಿದ್ದಂತೆಯೇ, ಯಾರೋ ಬಂದು ತಲೆ ಎಣಿಸಲಿ ಎಂದು ಕಾಯುತ್ತಿದ್ದ. ಹುಲಿಗೆವ್ವ ಅವನ ಹತ್ತಿರ ಹೋಗಿ ಭುಜ ಮುಟ್ಟಿ, "ಏಳೋ ತಮ್ಮಾ, ಎಣಿಸಿದ್ದಾತು" ಎಂದಳು. ಅವನು ಎದ್ದು ಮತ್ತೆ ಡಬ್ಬದ ಮೇಲೆ ಬಂದು ಕುಂತ. ದಿನಾ ಹೀಗೇ ನಡೆಯುತ್ತದೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

ಅವಳು ತಿರುಗಿ ಬಂದು, ಹೆಬ್ಬೆಟ್ಟು ಒತ್ತದೆ, ಕಾಗದವನ್ನು ನನ್ನ ಕೈಗೇ ಮರಳಿ ಕೊಟ್ಟಳು.

"ಗುಣ ಆತು ಅಂತ ಬರೀಬ್ಯಾಡವ್ವ, ಗಿರ್ಜವ್ವ. ಮನಿಗೆ ಬಂದಾನ ಅಂತ ಬರಿ. ಅಷ್ಟ ಬರಿ."

ನಾನು ಆಫೀಸಿಗೆ ಹೋಗಿ, ಆ ಹಾಳೆಯನ್ನು ಹರಿದು, ಹೊಸ ಹಾಳೆ ಹಾಕಿ ಅವಳು ಹೇಳಿದಷ್ಟನ್ನೇ ಹೊಡೆದೆ. ಈ ಸಲ ನಿಘಂಟು ತೆರೆಯಬೇಕಾಗಲಿಲ್ಲ.